ಸ್ವದೇಶಿ ಇಮೇಲ್ ಆಯ್ತು, ಸ್ವತಂತ್ರ ಇಮೇಲ್ ಯಾವಾಗ?

2025ರ ಅಕ್ಟೋಬರ್ 8ರಂದು ಕೇಂದ್ರ ಗೃಹ ಸಚಿವ ಅಮಿತ್ ಶಾ ಎಕ್ಸ್‌ನಲ್ಲಿ ಒಂದು ಪೋಸ್ಟ್ ಹಾಕಿದರು. ತಾನು ಝೋಹೊ ಮೇಲ್‌ಗೆ ಬದಲಾಗಿದ್ದೇನೆ, ಇನ್ಮುಂದೆ ಹೊಸ ವಿಳಾಸಕ್ಕೆ ಬರೆಯಿರಿ ಅನ್ನೋದು ಅದರ ಸಾರ. ಡೊನಾಲ್ಡ್ ಟ್ರಂಪ್ ತಮ್ಮ ಪೋಸ್ಟ್‌ಗಳ ಕೊನೆಗೆ ಅಂಟಿಸುವ ಸಾಲನ್ನೇ ಶಾ ಕೂಡ ಕೊನೆಗೆ ಅಂಟಿಸಿದ್ದರು. ಭಾರತದ ಸರಕುಗಳ ಮೇಲೆ ಅಮೆರಿಕ ಶೇ. 50ರಷ್ಟು ಸುಂಕ ಹೇರಿದ್ದ ಹೊತ್ತದು, ಹಾಗಾಗಿ ಚುಚ್ಚುಮಾತು ಯಾರಿಗೆ ಅಂತ ಬಿಡಿಸಿ ಹೇಳಬೇಕಾಗಿರಲಿಲ್ಲ. ಅದಾಗಿ ಕೆಲವೇ ದಿನಗಳಲ್ಲಿ ಇನ್ನೊಂದು ಸುದ್ದಿ ಬಂತು: ಪ್ರಧಾನಿ ಕಚೇರಿಯೂ ಸೇರಿ ಸುಮಾರು 12 ಲಕ್ಷ ಸರ್ಕಾರಿ ನೌಕರರ ಇಮೇಲ್ ಖಾತೆಗಳು ಝೋಹೊ ವೇದಿಕೆಗೆ ಸ್ಥಳಾಂತರವಾಗಿವೆ. ವಿಳಾಸದ ಬಾಲ ಹಳೆಯದೇ, ಒಳಗಿನ ಎಂಜಿನ್ ಮಾತ್ರ ಬೇರೆ. 2023ರಲ್ಲೇ ಟೆಂಡರ್ ಮೂಲಕ ಏಳು ವರ್ಷದ ಗುತ್ತಿಗೆ ಝೋಹೊಗೆ ಸಿಕ್ಕಿತ್ತು.

ಈ ಸುದ್ದಿಗೆ ನಮ್ಮಲ್ಲಿ ಎರಡೇ ಥರದ ಪ್ರತಿಕ್ರಿಯೆ. ಒಂದು ಕಡೆ ಸ್ವದೇಶಿ ಜಯಘೋಷ. ಇನ್ನೊಂದು ಕಡೆ ಝೋಹೊ ಸಂಸ್ಥಾಪಕ ಶ್ರೀಧರ್ ವೆಂಬು ಅವರ ರಾಜಕೀಯ ಒಲವು ಏನು ಅನ್ನೋ ಜಗಳ. ಎರಡೂ ಗುಂಪು ಕೇಳದೆ ಬಿಟ್ಟ ಪ್ರಶ್ನೆ ತೀರಾ ಸರಳವಾದದ್ದು. ಈ ಸಾಫ್ಟ್‌ವೇರ್ ಒಳಗೆ ಏನಿದೆ ಅಂತ ನಾವು ನೋಡಬಹುದಾ? ನಾಳೆ ಬೇಡ ಅನ್ನಿಸಿದರೆ ನಮ್ಮ ಪತ್ರಗಳನ್ನೆಲ್ಲ ಗಂಟು ಕಟ್ಟಿಕೊಂಡು ಹೊರಡಬಹುದಾ? ಮಾಲೀಕ ಅಮೆರಿಕದವನೋ ತೆಂಕಾಸಿಯವನೋ ಅನ್ನೋದು ಇದಾದ ಮೇಲಿನ ಮಾತು.

ಈ ಪ್ರಶ್ನೆ ಸರ್ಕಾರಕ್ಕೆ ಮಾತ್ರ ಅಲ್ಲ. ವಿದ್ಯಾರ್ಥಿ ಸಂಘಟನೆ, ಕಾರ್ಮಿಕ ಸಂಘ, ಸಣ್ಣ ಸುದ್ದಿತಾಣ, ಆರ್‌ಟಿಐ ಕಾರ್ಯಕರ್ತರ ಬಳಗ, ಹೀಗೆ ಏನಾದರೊಂದು ನಡೆಸುತ್ತಿರುವ ಯಾರಿಗಾದರೂ ಇದು ಇವತ್ತಲ್ಲ ನಾಳೆ ಎದುರಾಗುವಂಥದ್ದೇ. ನಿಮ್ಮ ಸಂಘಟನೆಯ ಹತ್ತು ವರ್ಷದ ಮನವಿ, ಉತ್ತರ, ಸಭೆಯ ನಡಾವಳಿ, ಲೆಕ್ಕ, ವಕೀಲರ ಜೊತೆಗಿನ ಪತ್ರ ಎಲ್ಲ ಈಗ ಎಲ್ಲಿವೆ? ಬಹುಪಾಲು ಯಾರೋ ಒಬ್ಬ ಹಳೇ ಕಾರ್ಯದರ್ಶಿಯ ಹೆಸರಿನ ಜಿಮೇಲ್ ಖಾತೆಯಲ್ಲಿ. ಪಾಸ್‌ವರ್ಡ್ ಅವರ ಫೋನಿನಲ್ಲಿ.

ವಾಡಿನಾರ್‌ನಿಂದ ಹೇಗ್‌ವರೆಗೆ

ಗುಜರಾತಿನ ವಾಡಿನಾರ್‌ನಲ್ಲಿ ನಯಾರಾ ಎನರ್ಜಿಯ ತೈಲ ಸಂಸ್ಕರಣಾಗಾರವಿದೆ. ವರ್ಷಕ್ಕೆ 2 ಕೋಟಿ ಟನ್ ಸಾಮರ್ಥ್ಯ, ದೇಶದ ದೊಡ್ಡ ಘಟಕಗಳಲ್ಲಿ ಒಂದು. ರಷ್ಯಾದ ರೋಸ್‌ನೆಫ್ಟ್‌ಗೆ ಇದರಲ್ಲಿ ಶೇ. 49.13ರಷ್ಟು ಪಾಲಿದೆ. 2025ರ ಜುಲೈ 18ರಂದು ಐರೋಪ್ಯ ಒಕ್ಕೂಟ ರಷ್ಯಾ ವಿರುದ್ಧದ ತನ್ನ ಹದಿನೆಂಟನೇ ನಿರ್ಬಂಧದ ಕಂತಿನಲ್ಲಿ ನಯಾರಾ ಹೆಸರನ್ನೂ ಸೇರಿಸಿತು. ಕೆಲವೇ ದಿನಗಳಲ್ಲಿ ಮೈಕ್ರೋಸಾಫ್ಟ್ ಕಂಪನಿಯ ಔಟ್‌ಲುಕ್ ಮೇಲ್, ಟೀಮ್ಸ್ ಎಲ್ಲವೂ ನಯಾರಾ ಪಾಲಿಗೆ ಬಂದ್. ಗಮನಿಸಿ: ನಿರ್ಬಂಧ ಹೇರಿದ್ದು ಯುರೋಪ್, ಸೇವೆ ನಿಲ್ಲಿಸಿದ್ದು ಅಮೆರಿಕದ ಕಂಪನಿ, ನಿಂತದ್ದು ಭಾರತದ ನೌಕರರ ಕೆಲಸ. ಭಾರತದ ಕಾನೂನಾಗಲಿ ಅಮೆರಿಕದ ಕಾನೂನಾಗಲಿ ಇದನ್ನು ಕೇಳಿಲ್ಲ ಅಂತ ನಯಾರಾ ದೆಹಲಿ ಹೈಕೋರ್ಟ್ ಮೆಟ್ಟಿಲೇರಿತು. ಜುಲೈ 30ರ ಹೊತ್ತಿಗೆ ಸೇವೆ ವಾಪಸ್ ಬಂತು, ಕೇಸೂ ಮುಗಿಯಿತು. ಆ ನಡುವಿನ ದಿನಗಳಲ್ಲಿ ಅಷ್ಟು ದೊಡ್ಡ ಕಂಪನಿ ಮೇಲ್‌ಗಾಗಿ ರೆಡಿಫ್ ಬಾಗಿಲು ತಟ್ಟಿತ್ತು.

ಹಣ ಕೊಟ್ಟು, ಲೈಸೆನ್ಸ್ ಪಡೆದು, ವಕೀಲರ ಪಡೆಯನ್ನೇ ಇಟ್ಟುಕೊಂಡ ಕಂಪನಿಯ ಕತೆ ಇದು. ಅದೇ ವರ್ಷ ಮೇ ತಿಂಗಳಲ್ಲಿ ಹೇಗ್‌ನ ಅಂತಾರಾಷ್ಟ್ರೀಯ ಅಪರಾಧ ನ್ಯಾಯಾಲಯದ ಮುಖ್ಯ ಪ್ರಾಸಿಕ್ಯೂಟರ್ ಕರೀಂ ಖಾನ್ ಅವರು ತಮ್ಮ ಮೈಕ್ರೋಸಾಫ್ಟ್ ಇಮೇಲ್ ಕಳೆದುಕೊಂಡು ಪ್ರೋಟಾನ್ ಮೇಲ್‌ಗೆ ಹೋಗಬೇಕಾಯಿತು ಅಂತ ಅಸೋಸಿಯೇಟೆಡ್ ಪ್ರೆಸ್ ವರದಿ ಮಾಡಿತು. ಇಸ್ರೇಲ್ ಪ್ರಧಾನಿ ಮೇಲೆ ಬಂಧನ ವಾರಂಟ್ ಹೊರಡಿಸಿದ ಕೋರ್ಟ್ ಮೇಲೆ ಟ್ರಂಪ್ ಸರ್ಕಾರ ನಿರ್ಬಂಧ ಹಾಕಿತ್ತು. ನಾವು ನ್ಯಾಯಾಲಯಕ್ಕೆ ಕೊಡುವ ಸೇವೆಯನ್ನು ಯಾವತ್ತೂ ನಿಲ್ಲಿಸಿಲ್ಲ ಅಂತ ಮೈಕ್ರೋಸಾಫ್ಟ್ ವಾದಿಸಿತು. ವಾದ ಏನೇ ಇರಲಿ, ಯುರೋಪಿನ ಸರ್ಕಾರಗಳಿಗೆ ಆ ವರದಿ ಬಿಸಿ ಮುಟ್ಟಿಸಿತು.

ಇಮೇಲ್ ಅನ್ನೋದು ಕಂಪನಿಯಲ್ಲ

ವಾಟ್ಸಾಪ್ ಬಳಸಿ ಬೆಳೆದ ತಲೆಮಾರಿಗೆ ಒಂದು ವಿಷಯ ನೆನಪಿಸಬೇಕು. ಇಮೇಲ್ ಯಾರ ಸ್ವತ್ತೂ ಅಲ್ಲ. 1971ರಲ್ಲಿ ರೇ ಟಾಮ್ಲಿನ್ಸನ್ ಒಂದು ಕಂಪ್ಯೂಟರಿನಿಂದ ಇನ್ನೊಂದಕ್ಕೆ ಸಂದೇಶ ಕಳಿಸಿ, ಹೆಸರಿಗೂ ಯಂತ್ರಕ್ಕೂ ನಡುವೆ ಆ ಸುತ್ತು ಹಾಕಿದ 'ಎ' ಚಿಹ್ನೆಯನ್ನಿಟ್ಟರು. 1982ರಲ್ಲಿ ಜಾನ್ ಪೋಸ್ಟೆಲ್ ಬರೆದ ಎಸ್‌ಎಂಟಿಪಿ ನಿಯಮಗಳು ಬಂದವು. ಇವತ್ತಿಗೂ ಜಿಮೇಲ್ ಆಗಲಿ ಝೋಹೊ ಆಗಲಿ ಒಂದಕ್ಕೊಂದು ಮಾತಾಡೋದು ಆ ನಿಯಮದ ಮುಂದುವರಿಕೆಯಲ್ಲೇ. ಯಾರು ಬೇಕಾದರೂ ತಮ್ಮದೇ ಅಂಚೆ ಕಚೇರಿ ತೆರೆಯಬಹುದು, ಅದರಿಂದ ಲೋಕದ ಯಾವ ಅಂಚೆ ಕಚೇರಿಗೆ ಬೇಕಾದರೂ ಪತ್ರ ಕಳಿಸಬಹುದು. ವಾಟ್ಸಾಪ್‌ನಲ್ಲಿ ಈ ಹಕ್ಕು ನಮಗಿಲ್ಲ. ಅಂತರ್ಜಾಲದ ಹಳೇ ಒಕ್ಕೂಟ ವ್ಯವಸ್ಥೆಯಲ್ಲಿ ಇನ್ನೂ ಜೀವ ಹಿಡಿದುಕೊಂಡಿರುವ ದೊಡ್ಡ ತುಂಡು ಇದು.

ಲಿನಕ್ಸ್‌ನಲ್ಲಿ ಈ ಅಂಚೆ ಕಚೇರಿಯನ್ನು ಬಿಡಿಬಿಡಿಯಾಗಿ ಜೋಡಿಸಬಹುದು. ಪತ್ರವನ್ನು ಊರಿಂದೂರಿಗೆ ಸಾಗಿಸುವ ಕೆಲಸ ಒಂದು ಪ್ರೋಗ್ರಾಂನದ್ದು. ಬಂದ ಪತ್ರವನ್ನು ಪೆಟ್ಟಿಗೆಯಲ್ಲಿಟ್ಟು ಕೇಳಿದಾಗ ಕೊಡುವುದು ಇನ್ನೊಂದರದ್ದು. ನೀವು ಕೂತು ಓದುವ, ಬರೆಯುವ ಮೇಜು ಮೂರನೆಯದು, ಅದೇ ಇಮೇಲ್ ಕ್ಲೈಂಟ್. ಮೂರನ್ನೂ ಬೇರೆಬೇರೆಯಾಗಿ ಬದಲಾಯಿಸಬಹುದು. ದೊಡ್ಡ ಕಂಪನಿಗಳು ಮಾಡೋದು ಈ ಮೂರನ್ನೂ ಒಂದೇ ಡಬ್ಬಿಗೆ ಹಾಕಿ ಬೀಗ ಜಡಿಯೋದು.

ಸಾಗಿಸುವ ಕೆಲಸಕ್ಕೆ ಮೊದಲು ಸೆಂಡ್‌ಮೇಲ್ ಇತ್ತು. ಅದರ ಕಾನ್ಫಿಗರೇಶನ್ ಫೈಲ್ ನೋಡಿದವರು ಬೆಕ್ಕು ಕೀಬೋರ್ಡ್ ಮೇಲೆ ನಡೆದಿದೆ ಅಂದುಕೊಳ್ಳುತ್ತಿದ್ದರು. ಈಗ ಗಂಭೀರವಾಗಿ ಪರಿಗಣಿಸಬೇಕಾದವು ಎರಡು. ಕೇಂಬ್ರಿಡ್ಜ್ ವಿಶ್ವವಿದ್ಯಾಲಯದಲ್ಲಿ ಫಿಲಿಪ್ ಹೇಜೆಲ್ 1995ರಲ್ಲಿ ಶುರುಮಾಡಿದ ಎಕ್ಸಿಮ್, ಐಬಿಎಂ ಸಂಶೋಧನಾ ಕೇಂದ್ರದಲ್ಲಿ ವೀಟ್ಸೆ ವೆನೆಮಾ ಬರೆದು 1998ರಲ್ಲಿ ಹೊರಬಂದ ಪೋಸ್ಟ್‌ಫಿಕ್ಸ್. ಹೊಸದಾಗಿ ಶುರುಮಾಡುವವರಿಗೆ ನನ್ನ ಮತ ಪೋಸ್ಟ್‌ಫಿಕ್ಸ್‌ಗೇ. ಕಾರಣ ಇದೆ. ಅದು ಒಂದೇ ದೊಡ್ಡ ಪ್ರೋಗ್ರಾಂ ಅಲ್ಲ, ಹಲವು ಚಿಕ್ಕ ಪ್ರೋಗ್ರಾಂಗಳ ಗುಂಪು. ಒಂದೊಂದಕ್ಕೂ ತನ್ನ ಕೆಲಸಕ್ಕೆ ಬೇಕಾದಷ್ಟೇ ಅಧಿಕಾರ. ಒಂದು ಕೋಣೆಗೆ ಕಳ್ಳ ನುಗ್ಗಿದರೆ ಇಡೀ ಮನೆ ಕೈಬಿಟ್ಟು ಹೋಗಲ್ಲ. ಎಕ್ಸಿಮ್‌ನಲ್ಲಿ 2019ರಲ್ಲಿ ಸಿಕ್ಕ ಒಂದು ದೋಷವನ್ನು ರಷ್ಯಾದ ಸೇನಾ ಗುಪ್ತಚರ ವಿಭಾಗದ ಸ್ಯಾಂಡ್‌ವರ್ಮ್ ತಂಡ ಬಳಸಿಕೊಳ್ಳುತ್ತಿದೆ ಅಂತ 2020ರ ಮೇನಲ್ಲಿ ಅಮೆರಿಕದ ಎನ್‌ಎಸ್‌ಎ ಬಹಿರಂಗವಾಗಿ ಎಚ್ಚರಿಸಬೇಕಾಯಿತು. ಎನ್‌ಎಸ್‌ಎ ಬೇಹುಗಾರಿಕೆ ಬಗ್ಗೆ ಎಚ್ಚರಿಸೋದು ತಮಾಷೆಯೇ, ಆದರೆ ಎಚ್ಚರಿಕೆ ಸರಿಯಾಗೇ ಇತ್ತು.

ಪೆಟ್ಟಿಗೆ ಕೆಲಸಕ್ಕೆ ಹೆಚ್ಚು ಯೋಚನೆ ಬೇಡ. ಟಿಮೋ ಸಿರೈನೆನ್ ಎಂಬ ಫಿನ್ಲೆಂಡಿನ ಪ್ರೋಗ್ರಾಮರ್ 2002ರಲ್ಲಿ ಬಿಡುಗಡೆ ಮಾಡಿದ ಡವ್‌ಕಾಟ್ ಇದೆ, ಸಾಕು.

ಜರ್ಮನಿಯ ಎರಡು ಪಾಠ

ಮುಕ್ತ ತಂತ್ರಾಂಶ ಅಂದ ಕೂಡಲೇ ಕೆಲವರು ಮ್ಯೂನಿಕ್ ಹೆಸರು ಎತ್ತಿ ನಗುತ್ತಾರೆ. ಆ ನಗರಪಾಲಿಕೆ 2003ರಲ್ಲಿ ಲಿನಕ್ಸ್‌ಗೆ ಹೋಗಲು ನಿರ್ಧರಿಸಿತು, 2013ರ ಹೊತ್ತಿಗೆ ಸುಮಾರು 15,000 ಕಂಪ್ಯೂಟರ್‌ಗಳನ್ನು ಬದಲಾಯಿಸಿತು, 2017ರಲ್ಲಿ ವಿಂಡೋಸ್‌ಗೆ ವಾಪಸ್ ಹೋಗುವ ತೀರ್ಮಾನ ಮಾಡಿತು. ಅಲ್ಲಿ ತಂತ್ರಾಂಶಕ್ಕಿಂತ ಹೆಚ್ಚಾಗಿ ಕೈಕೊಟ್ಟದ್ದು ಚದುರಿಹೋಗಿದ್ದ ಐಟಿ ಆಡಳಿತ ಮತ್ತು ಬದಲಾದ ಮೇಯರ್. ಮೈಕ್ರೋಸಾಫ್ಟ್ ತನ್ನ ಜರ್ಮನಿ ಮುಖ್ಯ ಕಚೇರಿಯನ್ನು 2016ರಲ್ಲಿ ಮ್ಯೂನಿಕ್ ನಗರದೊಳಕ್ಕೇ ತಂದಿತ್ತು ಅನ್ನೋದನ್ನೂ ಸುಮ್ಮನೆ ನೆನಪಿಟ್ಟುಕೊಳ್ಳಿ.

ಆದರೆ ಈಗ ನೋಡಬೇಕಾದ್ದು ಮ್ಯೂನಿಕ್ ಅಲ್ಲ, ಅದೇ ಜರ್ಮನಿಯ ಉತ್ತರ ತುದಿಯ ಶ್ಲೆಸ್ವಿಗ್-ಹೋಲ್ಸ್ಟೈನ್ ರಾಜ್ಯ. 2024ರ ಏಪ್ರಿಲ್‌ನಲ್ಲಿ ಅಲ್ಲಿನ ಸಂಪುಟ ಮೈಕ್ರೋಸಾಫ್ಟ್ ಆಫೀಸ್ ಬಿಟ್ಟು ಲಿಬ್ರೆಆಫೀಸ್‌ಗೆ ಹೋಗಲು ತೀರ್ಮಾನಿಸಿತು. 2025ರ ಅಕ್ಟೋಬರ್ ಆರಂಭಕ್ಕೆ, ಅಂದರೆ ಶಾ ಪೋಸ್ಟ್ ಹಾಕಿದ ಅದೇ ದಿನಗಳಲ್ಲಿ, ಮೇಲ್ ಬದಲಾವಣೆ ಮುಗಿಯಿತು ಅಂತ ಘೋಷಿಸಿತು. 40,000ಕ್ಕೂ ಹೆಚ್ಚು ಅಂಚೆಪೆಟ್ಟಿಗೆ, 10 ಕೋಟಿಗೂ ಹೆಚ್ಚು ಮೇಲ್ ಮತ್ತು ಕ್ಯಾಲೆಂಡರ್ ನಮೂದುಗಳು ಆರು ತಿಂಗಳಲ್ಲಿ ಮೈಕ್ರೋಸಾಫ್ಟ್ ಎಕ್ಸ್‌ಚೇಂಜ್‌ನಿಂದ ಓಪನ್-ಎಕ್ಸ್‌ಚೇಂಜ್‌ಗೆ ಹೋದವು. ಓದುವ ಮೇಜು ಔಟ್‌ಲುಕ್ ಬದಲು ಥಂಡರ್‌ಬರ್ಡ್. ಸಚಿವಾಲಯ, ಪೊಲೀಸ್, ನ್ಯಾಯಾಂಗ ಎಲ್ಲವೂ ಇದರಲ್ಲಿ ಸೇರಿವೆ. (ಓಪನ್-ಎಕ್ಸ್‌ಚೇಂಜ್ ಜರ್ಮನ್ ಕಂಪನಿ. ಮೇಲೆ ಹೇಳಿದ ಡವ್‌ಕಾಟನ್ನು 2015ರಲ್ಲಿ ತನ್ನೊಳಗೆ ಸೇರಿಸಿಕೊಂಡದ್ದೂ ಅದೇ.)

ಸಲೀಸಾಗಿ ಆಯ್ತಾ? ಇಲ್ಲ. ಮೇಲ್ ತಡವಾಗಿ ಬರುತ್ತಿದೆ, ಕೆಲಸ ನಿಂತಿದೆ ಅಂತ ನ್ಯಾಯಾಧೀಶರು, ನೌಕರರು ದೂರಿದರು. ಡಿಜಿಟಲ್ ಸಚಿವ ಡಿರ್ಕ್ ಶ್ರೋಡ್ಟರ್ ತೊಂದರೆ ಆಗಿದ್ದು ನಿಜ ಅಂತ ಒಪ್ಪಿಕೊಳ್ಳಬೇಕಾಯಿತು. ಆದರೂ ಸರ್ಕಾರ ಹಿಂದೆ ಸರಿಯಲಿಲ್ಲ. ಬದಲಾವಣೆ ಅಂದರೆ ಹೀಗೇ ಇರುತ್ತೆ: ಜನಕ್ಕೆ ಪ್ರೀತಿ ಇರೋದು ಸರ್ವರ್ ಮೇಲಲ್ಲ, ಕ್ಯಾಲೆಂಡರ್ ಮೇಲೆ. ಯಾರ ಸಭೆ ಎಷ್ಟು ಗಂಟೆಗೆ, ಯಾವ ಕೊಠಡಿ ಖಾಲಿ ಇದೆ, ಇಲಾಖೆಯ ಸಾಮಾನ್ಯ ಪೆಟ್ಟಿಗೆಯನ್ನು ಐದು ಜನ ಒಟ್ಟಿಗೆ ನೋಡೋದು ಹೇಗೆ, ಇಂಥ ಸಣ್ಣ ಸಂಗತಿಗಳಲ್ಲೇ ಔಟ್‌ಲುಕ್ ಜನರನ್ನು ಹಿಡಿದಿಟ್ಟುಕೊಂಡಿರುವುದು. ಹಾಗಾಗಿ ಸರ್ವರ್ ಆರಿಸುವ ಮೊದಲು ನಿಮ್ಮ ಜನ ಮೇಲ್ ಹೇಗೆ ಬಳಸುತ್ತಾರೆ ಅಂತ ಒಂದು ವಾರ ಪಕ್ಕದಲ್ಲಿ ಕೂತು ನೋಡಿ. ಅದು ಯಾವ ಸಮಿತಿ ವರದಿಗಿಂತಲೂ ಉಪಯೋಗಕ್ಕೆ ಬರುತ್ತೆ.

ನಮ್ಮ ಕಡೆಗೆ ಬರೋಣ. ಭಾರತ ಸರ್ಕಾರಕ್ಕೆ 2015ರಿಂದಲೂ ಮುಕ್ತ ತಂತ್ರಾಂಶ ನೀತಿ ಅಂತ ಒಂದಿದೆ. ಸರ್ಕಾರಿ ಕೆಲಸಕ್ಕೆ ಮುಕ್ತ ತಂತ್ರಾಂಶಕ್ಕೇ ಆದ್ಯತೆ, ಬಿಟ್ಟರೆ ಯಾಕೆ ಬಿಟ್ಟಿರಿ ಅಂತ ಕಾರಣ ಕೊಡಬೇಕು ಅನ್ನುತ್ತೆ ಅದು. ಝೋಹೊ ಮೇಲ್ ಮುಕ್ತ ತಂತ್ರಾಂಶವಲ್ಲ. ನಮ್ಮ ಸಂಸದರು ಸದನದಲ್ಲಿ ಇದೊಂದನ್ನು ಹಿಡಿದು ಕೂರಬಹುದು: ಕಾರಣ ಎಲ್ಲಿ ದಾಖಲಾಗಿದೆ? ಏಳು ವರ್ಷ ಮುಗಿದ ದಿನ 12 ಲಕ್ಷ ಪೆಟ್ಟಿಗೆಗಳು ಯಾವ ರೂಪದಲ್ಲಿ ವಾಪಸ್ ಬರುತ್ತವೆ? ಮೂಲ ಸಂಕೇತವನ್ನು ಪರಿಶೀಲಿಸುವ ಅಧಿಕಾರ ಯಾರಿಗಿದೆ? ಜರ್ಮನಿಯಲ್ಲಿ ಓಪನ್-ಎಕ್ಸ್‌ಚೇಂಜ್ ಮುಳುಗಿಹೋದರೂ ಡವ್‌ಕಾಟ್ ಸಂಕೇತ ಎಲ್ಲರ ಕೈಯಲ್ಲೂ ಇರುತ್ತೆ. ಇನ್ನೊಬ್ಬರು ಎತ್ತಿಕೊಂಡು ನಡೆಸಬಹುದು. ಸ್ವದೇಶಿಗೂ ಸ್ವತಂತ್ರಕ್ಕೂ ಇರುವ ಅಂತರ ಇಷ್ಟೇ, ಆದರೆ ಸಣ್ಣದಲ್ಲ.

ರಾಜ್ಯ ಸರ್ಕಾರದ ಕಚೇರಿಗಳ ಬೋರ್ಡ್ ನೋಡಿದರೆ ಇನ್ನೂ ಬೇಜಾರು. ಎಷ್ಟೋ ಕಡೆ ಇವತ್ತಿಗೂ ಜಿಮೇಲ್ ವಿಳಾಸವೇ ರಾರಾಜಿಸುತ್ತಿದೆ. ಇದು ಬರೀ ಮರ್ಯಾದೆ ಪ್ರಶ್ನೆಯಲ್ಲ. ಮಾಹಿತಿ ಹಕ್ಕು ಕಾಯ್ದೆಯ ಸೆಕ್ಷನ್ 2(ಎಫ್)ನಲ್ಲಿ 'ಮಾಹಿತಿ' ಅಂದರೆ ಏನು ಅಂತ ಹೇಳುವಾಗ ಇಮೇಲ್ ಅನ್ನೋ ಪದವನ್ನೇ ಬರೆದಿದ್ದಾರೆ. ಅಧಿಕಾರಿ ವರ್ಗವಾಗಿ ಹೋದಾಗ ಅವರ ಜಿಮೇಲ್ ಅವರ ಜೊತೆಗೇ ಹೋದರೆ, ನೀವು ಅರ್ಜಿ ಹಾಕಿ ಕೇಳುವ ದಾಖಲೆ ಯಾವ ಕಪಾಟಿನಲ್ಲಿರುತ್ತೆ?

ಸ್ವಂತ ಸರ್ವರ್ ಇಡಬೇಕಾ?

ಇಲ್ಲಿಗೆ ಬಂದಾಗ ಉತ್ಸಾಹಿಗಳು ಒಂದು ವಾರಾಂತ್ಯದಲ್ಲಿ ಸರ್ವರ್ ಕಟ್ಟಿಬಿಡೋಣ ಅಂತ ಹೊರಡುತ್ತಾರೆ. ಕಟ್ಟಬಹುದು. ಪೋಸ್ಟ್‌ಫಿಕ್ಸ್, ಡವ್‌ಕಾಟ್, ಸ್ಪ್ಯಾಮ್ ಸೋಸುವ ಆರ್‌ಸ್ಪ್ಯಾಮ್‌ಡಿ, ಬ್ರೌಸರಿನಲ್ಲಿ ನೋಡಲು ಒಂದು ವೆಬ್‌ಮೇಲ್, ಇವನ್ನೆಲ್ಲ ಒಟ್ಟಿಗೆ ಕಟ್ಟಿಕೊಡುವ ಮೇಲ್‌ಕೌ ಇದೆ. ಅದಕ್ಕೆ 6 ಜಿಬಿಯಷ್ಟು ಮೆಮೊರಿ ಇರುವ ಯಂತ್ರ ಬೇಕು. ಎಲ್ಲವನ್ನೂ ಒಂದೇ ಪ್ರೋಗ್ರಾಂನಲ್ಲಿ ತುಂಬಿಸಿದ, ರಸ್ಟ್ ಭಾಷೆಯಲ್ಲಿ ಬರೆದ ಸ್ಟಾಲ್‌ವರ್ಟ್ ಅನ್ನೋದೂ ಬಂದಿದೆ, ಹಗುರ, ಚುರುಕು, ಆದರೆ ವಯಸ್ಸು ಕಮ್ಮಿ. ತಿಂಗಳಿಗೆ ಕೆಲವು ನೂರು ರೂಪಾಯಿಯ ಬಾಡಿಗೆ ಸರ್ವರ್‌ನಲ್ಲಿ ಸಣ್ಣ ಸಂಘಟನೆಯ ಮೇಲ್ ನಡೆದುಹೋಗುತ್ತೆ.

ಕಷ್ಟ ಶುರುವಾಗೋದು ಕಟ್ಟಿದ ಮೇಲೆ. ಪತ್ರ ಬರುತ್ತೆ, ಅದರಲ್ಲಿ ತೊಂದರೆಯಿಲ್ಲ. ನೀವು ಕಳಿಸಿದ್ದು ಜಿಮೇಲ್‌ನ ಸ್ಪ್ಯಾಮ್ ಕಸದಬುಟ್ಟಿಗೆ ಬೀಳುತ್ತೆ, ಅಥವಾ ತಲುಪುವುದೇ ಇಲ್ಲ. ಮೊದಲನೆಯದಾಗಿ, ಪತ್ರ ಸಾಗಿಸುವ 25ನೇ ಪೋರ್ಟನ್ನೇ ಅಮೆಝಾನ್‌ನಂಥ ಕ್ಲೌಡ್ ಕಂಪನಿಗಳು ಮುಚ್ಚಿಟ್ಟಿರುತ್ತವೆ, ಅರ್ಜಿ ಹಾಕಿ ತೆರೆಸಿಕೊಳ್ಳಬೇಕು. ಮನೆಯ ಬ್ರಾಡ್‌ಬ್ಯಾಂಡ್‌ನಿಂದ ಕಳಿಸೋಣ ಅಂದರೆ ಅಂಥ ಐಪಿ ವಿಳಾಸಗಳನ್ನು ಸ್ಪ್ಯಾಮ್‌ಹೌಸ್‌ನಂಥವರು ಮೊದಲೇ ಪಟ್ಟಿ ಮಾಡಿಟ್ಟಿರುತ್ತಾರೆ. ಬಾಡಿಗೆ ಸರ್ವರ್‌ನ ಐಪಿ ಹಿಂದೆ ಯಾರೋ ಸ್ಪ್ಯಾಮರ್ ಬಳಸಿ ಬಿಟ್ಟಿದ್ದಾಗಿದ್ದರೆ ಅವನ ಪಾಪ ನಿಮ್ಮ ತಲೆಗೆ.

ಇದರ ಮೇಲೆ ಮೂರು ಗುರುತಿನ ಚೀಟಿ ಬೇಕು. ಈ ಡೊಮೇನ್ ಹೆಸರಲ್ಲಿ ಮೇಲ್ ಕಳಿಸಲು ಯಾವ ಸರ್ವರ್‌ಗೆ ಅನುಮತಿಯಿದೆ ಅಂತ ಹೇಳುವ ಎಸ್‌ಪಿಎಫ್, ಪತ್ರಕ್ಕೆ ಮೊಹರು ಒತ್ತುವ ಡಿಕಿಮ್, ಮೊಹರು ಸರಿಯಿಲ್ಲದಿದ್ದರೆ ಏನು ಮಾಡಬೇಕು ಅಂತ ಸೂಚಿಸುವ ಡಿಮಾರ್ಕ್. 2024ರ ಫೆಬ್ರವರಿಯಿಂದ ಗೂಗಲ್ ಮತ್ತು ಯಾಹೂ, ದಿನಕ್ಕೆ 5,000ಕ್ಕಿಂತ ಹೆಚ್ಚು ಮೇಲ್ ಕಳಿಸುವವರಿಗೆ ಮೂರನ್ನೂ ಕಡ್ಡಾಯ ಮಾಡಿವೆ. ಸಣ್ಣವರಿಗೂ ಇವಿಲ್ಲದೆ ನಡೆಯಲ್ಲ. ಸ್ಪ್ಯಾಮ್ ತಡೆಯಲು ಇದೆಲ್ಲ ಬೇಕಾದ್ದೇ, ನಾನೇನೂ ವಿರೋಧಿಸುತ್ತಿಲ್ಲ. ಆದರೆ ಕಾಗದದ ಮೇಲೆ ಒಕ್ಕೂಟವಾಗಿರುವ ವ್ಯವಸ್ಥೆಯ ಹೆಬ್ಬಾಗಿಲಲ್ಲಿ ಈಗ ಎರಡು ಮೂರು ಕಂಪನಿಗಳ ಕಾವಲುಗಾರರು ಕೂತಿದ್ದಾರೆ. ನಿಮ್ಮನ್ನು ಯಾಕೆ ಒಳಗೆ ಬಿಡಲಿಲ್ಲ ಅಂತ ಕೇಳಲು ಅಲ್ಲಿ ಮನುಷ್ಯರೇ ಸಿಗಲ್ಲ.

ಒಂದು ನಡುದಾರಿ ಇದೆ. ಬರುವ ಮೇಲ್ ನಿಮ್ಮದೇ ಸರ್ವರ್‌ಗೆ ಬರಲಿ, ಹೋಗುವ ಮೇಲ್ ಮಾತ್ರ ಒಳ್ಳೆ ಹೆಸರಿರುವ ಬೇರೆ ಸೇವೆಯ ಮೂಲಕ ಹೋಗಲಿ. ಪೋಸ್ಟ್‌ಫಿಕ್ಸ್‌ನಲ್ಲಿ ಇದು ನಾಲ್ಕೈದು ಸಾಲಿನ ಕೆಲಸ.

ಇನ್ನು ಪೊಲೀಸು, ಕಾನೂನಿನ ವಿಚಾರ. 2025ರ ಏಪ್ರಿಲ್ 29ರಂದು ಕರ್ನಾಟಕ ಹೈಕೋರ್ಟ್‌ನ ನ್ಯಾಯಮೂರ್ತಿ ಎಂ. ನಾಗಪ್ರಸನ್ನ ಅವರ ಪೀಠ, ದೇಶದಲ್ಲಿ ಪ್ರೋಟಾನ್ ಮೇಲ್ ನಿರ್ಬಂಧಿಸಲು ಐಟಿ ಕಾಯ್ದೆಯ 69ಎ ಅಡಿ ಕ್ರಮ ಶುರುಮಾಡುವಂತೆ ಕೇಂದ್ರಕ್ಕೆ ನಿರ್ದೇಶಿಸಿತು. ಒಂದು ಕಂಪನಿಯ ಮಹಿಳಾ ಉದ್ಯೋಗಿಗಳ ಬಗ್ಗೆ ಅಶ್ಲೀಲ ಮೇಲ್‌ಗಳು, ಎಐ ಬಳಸಿ ತಿರುಚಿದ ಚಿತ್ರಗಳು ಆ ಸೇವೆಯ ಮೂಲಕ ಹೋಗಿದ್ದವು. ಆ ಹೆಣ್ಣುಮಕ್ಕಳಿಗೆ ಆದ ಹಿಂಸೆ ನಿಜ, ತನಿಖೆ ಆಗಲೇಬೇಕು. ಆದರೆ ಒಬ್ಬ ಕಿಡಿಗೇಡಿಗಾಗಿ ಇಡೀ ಅಂಚೆ ಕಚೇರಿಗೆ ಬೀಗ ಹಾಕುವುದಾದರೆ, ಮೂಲಗಳನ್ನು ಕಾಪಾಡಬೇಕಾದ ಪತ್ರಕರ್ತರೂ ಕಿರುಕುಳದ ವಿರುದ್ಧ ಗುಟ್ಟಾಗಿ ದೂರು ಬರೆಯುವ ಹೆಣ್ಣುಮಗಳೂ ಅದೇ ಬೀಗದ ಹೊರಗೆ ನಿಲ್ಲುತ್ತಾರೆ. ಇಡೀ ಸಂಘಟನೆಯ ವಿಳಾಸವನ್ನು ಒಂದೇ ಕಂಪನಿಯ ಡೊಮೇನ್‌ಗೆ ಕಟ್ಟಿಹಾಕಿದರೆ ಏನಾಗಬಹುದು ಅನ್ನೋದಕ್ಕೂ ಇದೇ ಉದಾಹರಣೆ.

ಹಾಗಂತ ಸ್ವಂತ ಸರ್ವರ್ ಇದ್ದರೆ ಸರ್ಕಾರದ ಕಣ್ಣಿಗೆ ಬೀಳಲ್ಲ ಅಂದುಕೊಳ್ಳಬೇಡಿ. 2022ರ ಏಪ್ರಿಲ್‌ನ ಸಿಇಆರ್‌ಟಿ-ಇನ್ ನಿರ್ದೇಶನಗಳ ಪ್ರಕಾರ ಸೇವಾದಾರರು, ಮಧ್ಯವರ್ತಿಗಳು, ಡೇಟಾ ಸೆಂಟರ್‌ಗಳು, ಕಂಪನಿಗಳು 180 ದಿನದ ಲಾಗ್ ಇಟ್ಟಿರಬೇಕು, ಸೈಬರ್ ದಾಳಿಯಾದರೆ 6 ಗಂಟೆಯೊಳಗೆ ತಿಳಿಸಬೇಕು. ನಾಲ್ಕು ಜನರಿಗೆ ಮೇಲ್ ಸೇವೆ ಕೊಡಲು ಹೊರಟವರು ಒಬ್ಬ ವಕೀಲರನ್ನೂ ಕೇಳಿಕೊಳ್ಳೋದು ಒಳ್ಳೇದು. ಗೂಗಲ್‌ನಲ್ಲಿ ಮೇಲ್ ಇದ್ದರೆ ನೋಟಿಸ್ ಗೂಗಲ್‌ಗೆ ಹೋಗುತ್ತೆ, ಸರ್ವರ್ ನಿಮ್ಮದಾದರೆ ಪೊಲೀಸರು ನಿಮ್ಮ ಬಾಗಿಲಿಗೇ ಬರುತ್ತಾರೆ. 2023ರ ಅಕ್ಟೋಬರ್ 3ರಂದು ನ್ಯೂಸ್‌ಕ್ಲಿಕ್ ಮೇಲೆ ದಾಳಿಯಾದಾಗ ಹತ್ತಾರು ಪತ್ರಕರ್ತರ ಲ್ಯಾಪ್‌ಟಾಪ್, ಫೋನ್ ಒಂದೇ ಬೆಳಿಗ್ಗೆ ಹೋದವು. ಮೇಲ್ ಒಂದೇ ಯಂತ್ರದಲ್ಲಿದ್ದರೆ, ಅಥವಾ ಎರಡನೇ ಹಂತದ ಒಟಿಪಿ ಬರುವ ಫೋನ್ ಒಂದೇ ಆಗಿದ್ದರೆ, ಮಾರನೇ ದಿನದಿಂದ ನಿಮಗೇ ನಿಮ್ಮ ಪತ್ರ ಸಿಗಲ್ಲ.

ಅಪಾಯ ಬರುವ ದಾರಿ ಬಹುತೇಕ ಸರ್ವರ್ ಅಲ್ಲ, ಓದುವ ಮೇಜು. ಭೀಮಾ ಕೋರೆಗಾಂವ್ ಪ್ರಕರಣದ ರೋನಾ ವಿಲ್ಸನ್ ಅವರ ಕಂಪ್ಯೂಟರ್ ಪರೀಕ್ಷಿಸಿದ ಅಮೆರಿಕದ ಆರ್ಸೆನಲ್ ಕನ್ಸಲ್ಟಿಂಗ್ 2021ರ ವರದಿಯಲ್ಲಿ ಹೇಳಿದ್ದು ಇದನ್ನೇ: 2016ರ ಜೂನ್‌ನಲ್ಲಿ ಪರಿಚಿತರೊಬ್ಬರ ಖಾತೆಯಿಂದ ಬಂದ ಮೇಲ್‌ನಲ್ಲಿದ್ದ ಫೈಲ್ ತೆರೆದಾಗ ನೆಟ್‌ವೈರ್ ಎಂಬ ಕುತಂತ್ರಾಂಶ ಒಳಗೆ ಕೂತಿತು, ಆಮೇಲೆ ಅದರ ಮೂಲಕ ಪತ್ರಗಳನ್ನು ತಂದು ಇಡಲಾಯಿತು. ಯಾವ ಸರ್ವರ್ ಆರಿಸಿದ್ದರೂ ಅದನ್ನು ತಡೆಯುತ್ತಿರಲಿಲ್ಲ. ಮುಕ್ತ ತಂತ್ರಾಂಶವೂ ಮಂತ್ರದಂಡವಲ್ಲ. ಜನಪ್ರಿಯ ವೆಬ್‌ಮೇಲ್ ರೌಂಡ್‌ಕ್ಯೂಬ್‌ನಲ್ಲಿ ಹತ್ತು ವರ್ಷದಿಂದ ಯಾರ ಕಣ್ಣಿಗೂ ಬೀಳದೆ ಕೂತಿದ್ದ ಗಂಭೀರ ದೋಷವೊಂದು 2025ರ ಜೂನ್‌ನಲ್ಲಿ ಹೊರಬಂತು. ಅಪ್‌ಡೇಟ್ ಹಾಕುವವರು ಇಲ್ಲದ ಸರ್ವರ್ ಇಡೋದಕ್ಕಿಂತ ಇಡದಿರೋದು ವಾಸಿ.

ಹಾಗಾದ್ರೆ ಎಲ್ಲಿಂದ ಶುರು?

ಕ್ಲೈಂಟ್‌ನಿಂದ. ಸರ್ವರ್ ಬದಲಿಸಲು ತಾಕತ್ತಿಲ್ಲದವರೂ ಇದನ್ನು ಇವತ್ತೇ ಮಾಡಬಹುದು. ಲಿನಕ್ಸ್‌ನಲ್ಲಿ ಆಯ್ಕೆಗಳಿಗೆ ಬರವಿಲ್ಲ: ಗ್ನೋಮ್ ಬಳಸುವವರಿಗೆ ಎವಲ್ಯೂಷನ್ (ಕಚೇರಿಯಲ್ಲಿ ಮೈಕ್ರೋಸಾಫ್ಟ್ ಎಕ್ಸ್‌ಚೇಂಜ್ ಇದ್ದರೆ ಇದೇ ಹಳೇ ಆಪದ್ಬಾಂಧವ), ಕೆಡಿಇಯವರಿಗೆ ಕೆಮೇಲ್, ಹಳೇ ಲ್ಯಾಪ್‌ಟಾಪ್‌ಗೆ ಕ್ಲಾಸ್ ಮೇಲ್, ಕಪ್ಪು ಪರದೆಯ ಭಕ್ತರಿಗೆ ಮಟ್. ಲಿನಕ್ಸ್ ಕರ್ನಲ್ ಇವತ್ತಿಗೂ ಬೆಳೆಯುತ್ತಿರುವುದು ಇಮೇಲ್‌ನಲ್ಲಿ ಕಳಿಸುವ ತುಣುಕುಗಳಿಂದಲೇ. ಜಿಮೇಲ್‌ನ ವೆಬ್ ಪುಟದಿಂದ ಕಳಿಸಬೇಡಿ, ಅದು ಸಂಕೇತ ಕೆಡಿಸುತ್ತೆ ಅಂತ ಅವರ ಕೈಪಿಡಿಯಲ್ಲೇ ಬರೆದಿದೆ.

ಆದರೆ ಸಂಘಟನೆಯ ಹತ್ತಾರು ಜನಕ್ಕೆ ಒಂದೇ ಹೇಳಿಕೊಡಬೇಕು ಅಂದರೆ ಥಂಡರ್‌ಬರ್ಡ್. 2004ರಲ್ಲಿ ಮೊದಲ ಪೂರ್ಣ ಆವೃತ್ತಿ ಬಂತು. 2012ರಲ್ಲಿ ಮೊಝಿಲ್ಲಾ ಕೈಚೆಲ್ಲಿ ಸಮುದಾಯಕ್ಕೆ ಬಿಟ್ಟಾಗ ಇದು ಸತ್ತೇಹೋಯ್ತು ಅಂತ ಬರೆದವರಿದ್ದರು. ಬಳಕೆದಾರರ ದೇಣಿಗೆಯೇ ಅದನ್ನು ಉಳಿಸಿತು. 2020ರ 78ನೇ ಆವೃತ್ತಿಯಿಂದ ಓಪನ್‌ಪಿಜಿಪಿ ಗೂಢಲಿಪಿ ಒಳಗೇ ಇದೆ, 2024ರ ಅಕ್ಟೋಬರ್‌ನಿಂದ ಆಂಡ್ರಾಯ್ಡ್ ಫೋನಿಗೂ ಬಂದಿದೆ. ಗೂಢಲಿಪಿ ಬಗ್ಗೆ ಒಂದು ಮಾತು: ಪತ್ರದ ಒಳಗಿನದ್ದು ಮುಚ್ಚುತ್ತೆ ನಿಜ, ಯಾರು ಯಾರಿಗೆ ಎಷ್ಟು ಗಂಟೆಗೆ ಬರೆದರು ಅನ್ನೋದು ಮುಚ್ಚಲ್ಲ. ಎಷ್ಟೋ ಸಲ ತನಿಖೆಯವರಿಗೆ ಬೇಕಾಗಿರೋದು ಅದೇ.

ಕ್ಲೈಂಟ್ ಯಾಕೆ ಮುಖ್ಯ ಅಂದರೆ, ಬ್ರೌಸರ್‌ನಲ್ಲಿ ಜಿಮೇಲ್ ನೋಡುವಾಗ ಪತ್ರ ಅವರ ಮನೆಯಲ್ಲಿರುತ್ತೆ, ನೀವು ಕಿಟಕಿಯಿಂದ ಇಣುಕುತ್ತೀರಿ. ಥಂಡರ್‌ಬರ್ಡ್‌ನಲ್ಲಿ ಐಮ್ಯಾಪ್ ಹಾಕಿ, ಎಲ್ಲ ಫೋಲ್ಡರ್‌ಗಳನ್ನೂ ಈ ಕಂಪ್ಯೂಟರಿನಲ್ಲಿ ಉಳಿಸು ಅಂದರೆ ಒಂದೊಂದು ಪತ್ರದ ಪ್ರತಿಯೂ ನಿಮ್ಮ ಡಿಸ್ಕಿನಲ್ಲಿ ಬಂದು ಕೂರುತ್ತೆ, ಯಾವ ಪ್ರೋಗ್ರಾಂ ಬೇಕಾದರೂ ಓದಬಲ್ಲ ರೂಪದಲ್ಲಿ. ಒಂದು ಎಚ್ಚರ: ಐಮ್ಯಾಪ್ ಎರಡೂ ಕಡೆ ಒಂದೇ ಥರ ಇಡುವ ವ್ಯವಸ್ಥೆ, ಸರ್ವರ್‌ನಲ್ಲಿ ಯಾರಾದರೂ ಅಳಿಸಿದರೆ ಇಲ್ಲೂ ಅಳಿಸುತ್ತೆ. ಹಾಗಾಗಿ ತಿಂಗಳಿಗೊಮ್ಮೆ ಆ ಫೋಲ್ಡರನ್ನು ಗೂಢಲಿಪಿ ಹಾಕಿದ ಬೇರೆ ಡಿಸ್ಕಿಗೆ ನಕಲು ಮಾಡಿ ಬೇರೆ ಊರಿನಲ್ಲಿರುವ ಗೆಳೆಯರ ಮನೆಯಲ್ಲಿಡಿ. ಯಾವುದೇ ಮೇಲ್ ಸೇವೆ ಕೊಳ್ಳುವ ಮುಂಚೆ ಮೊದಲು ಕೇಳಬೇಕಾದ್ದೂ ಇದನ್ನೇ, ಐಮ್ಯಾಪ್ ಕೊಡ್ತೀರಾ ಇಲ್ವಾ? ಝೋಹೊ ಹಣ ಕೊಟ್ಟವರಿಗೆ ಕೊಡುತ್ತೆ, ಉಚಿತ ಯೋಜನೆಯವರಿಗೆ ಕೊಡಲ್ಲ.

ಕನ್ನಡದ ಬಗ್ಗೆಯೂ ಹೇಳಿಬಿಡುತ್ತೇನೆ. ಇಮೇಲ್ ವಿಳಾಸವನ್ನೇ ಕನ್ನಡ ಲಿಪಿಯಲ್ಲಿ ಇಟ್ಟುಕೊಳ್ಳಬಹುದು. '.ಭಾರತ' ಅಂತ ಕನ್ನಡದಲ್ಲೇ ಕೊನೆಯಾಗುವ ಡೊಮೇನ್ ಇದೆ, ಅದಕ್ಕೆ ಬೇಕಾದ ಎಸ್‌ಎಂಟಿಪಿ ನಿಯಮ 2012ರಲ್ಲೇ ಬಂದಿದೆ, ಪೋಸ್ಟ್‌ಫಿಕ್ಸ್ 2015ರ 3.0 ಆವೃತ್ತಿಯಿಂದ ಬೆಂಬಲಿಸುತ್ತೆ. ಎಡವಟ್ಟಾಗೋದು ಬ್ಯಾಂಕ್, ರೈಲ್ವೆ, ವಿಶ್ವವಿದ್ಯಾಲಯಗಳ ಅರ್ಜಿ ನಮೂನೆಗಳಲ್ಲಿ. ಕನ್ನಡ ಅಕ್ಷರ ಹಾಕಿದರೆ 'ವಿಳಾಸ ತಪ್ಪಾಗಿದೆ' ಅನ್ನುತ್ತವೆ. ಭಾಷಾ ಹೋರಾಟಕ್ಕೆ ಬೋರ್ಡ್‌ಗಳ ಆಚೆಗೂ ಕೆಲಸ ಇದೆ.

ಕ್ಲೈಂಟ್ ಆದ ಮೇಲೆ ಸ್ವಂತ ಡೊಮೇನ್. ಸರ್ವರ್ ಬಾಡಿಗೆಯದ್ದಾದರೂ ಪರವಾಗಿಲ್ಲ, ವಿಳಾಸ ನಿಮ್ಮದಾಗಿರಲಿ. ಡೊಮೇನ್ ನಿಮ್ಮದಿದ್ದರೆ ಇವತ್ತು ಝೋಹೊದಲ್ಲಿ, ನಾಳೆ ಪ್ರೋಟಾನ್‌ನಲ್ಲಿ, ಮುಂದಿನ ವರ್ಷ ಹುಡುಗರು ಸಿಕ್ಕರೆ ನಿಮ್ಮದೇ ಪೋಸ್ಟ್‌ಫಿಕ್ಸ್‌ನಲ್ಲಿ ಮೇಲ್ ಇಡಬಹುದು. ಬದಲಾಗೋದು ಡಿಎನ್‌ಎಸ್‌ನ ಕೆಲವು ಸಾಲು ಮಾತ್ರ, ನಿಮಗೆ ಬರೆಯುವವರಿಗೆ ಗೊತ್ತೂ ಆಗಲ್ಲ. ವರ್ಷಕ್ಕೆ ಸಾವಿರ ರೂಪಾಯಿ ಆಸುಪಾಸು ಖರ್ಚು. ಅದನ್ನು ಅಧ್ಯಕ್ಷರ ಹೆಸರಲ್ಲೋ ಕಾರ್ಯದರ್ಶಿಯ ಹೆಸರಲ್ಲೋ ಅಲ್ಲ, ಸಂಘದ ಹೆಸರಲ್ಲೇ ಕೊಳ್ಳಿ. ಪಾಸ್‌ವರ್ಡ್ ಕನಿಷ್ಠ ಇಬ್ಬರ ಬಳಿ ಇರಲಿ, ನವೀಕರಣದ ದಿನಾಂಕವನ್ನು ನಡಾವಳಿ ಪುಸ್ತಕದಲ್ಲಿ ಬರೆದಿಡಿ, ಪದಾಧಿಕಾರಿಗಳು ಬದಲಾದಾಗ ಬ್ಯಾಂಕ್ ಖಾತೆಯ ಸಹಿ ಬದಲಾಯಿಸುವ ದಿನವೇ ಇದನ್ನೂ ಬದಲಾಯಿಸಿ.